ಅಜ್ಜಿ ನಿರ್ಗತಿಕಳೆಂದು ಸಾಬೀತಾದ ಮಂಗಳವಾರ

1966ರ ಜುಲೈ 5, ಮಂಗಳವಾರ, ಬೆಳಿಗ್ಗೆ ಏಳೂವರೆ ಗಂಟೆ. ವಿದ್ಯಾರಣ್ಯಪುರಂನ ನಮ್ಮ ವಠಾರದ ಕೊನೆಯ ಕೋಣೆಯಲ್ಲಿ ಹಾಜರಿದ್ದವರು ಮೂವರು: ಆ ಕೋಣೆಯಲ್ಲಿ ವಾಸವಿದ್ದ ಅಜ್ಜಿ, ಎದುರು ಮನೆಯ ದರ್ಜಿಯ ಹೆಂಡತಿ, ನಾನು. ನಾನು ಆಗ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಅರ್ಧ ದಿನದ ರಜಾ ಚೀಟಿಯನ್ನು ಹಿಂದಿನ ಸಂಜೆಯೇ ಕೊಟ್ಟುಬಂದಿದ್ದೆ. ಚೀಟಿಯಲ್ಲಿ ಸ್ವಂತ ಕೆಲಸ ಎಂದು ಬರೆದಿದ್ದೆ. ಅಜ್ಜಿ ಬಡವಳೆಂದು ಸರ್ಕಾರಕ್ಕೆ ತೋರಿಸಬೇಕಿದೆ ಎಂದು ಬರೆದಿದ್ದರೆ ಮುಖ್ಯೋಪಾಧ್ಯಾಯಿನಿ ನನ್ನ ತಲೆ ನೆಟ್ಟಗಿದೆಯೇ ಎಂದು ಕೇಳುತ್ತಿದ್ದರು.

ಅಜ್ಜಿ ಬಡವಳೆಂಬುದು ವಠಾರದ ಎಂಟು ಮನೆಗೂ ಗೊತ್ತಿತ್ತು. ಹಾಲಿನವನಿಗೆ ಗೊತ್ತಿತ್ತು. ಬೀದಿಯ ನಾಯಿಗೂ ಗೊತ್ತಿತ್ತು, ಅದು ಉಳಿದೆಲ್ಲ ಬಾಗಿಲಲ್ಲೂ ನಿಲ್ಲುತ್ತಿತ್ತು, ಅವಳ ಬಾಗಿಲಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಗೊತ್ತಿಲ್ಲದೆ ಇದ್ದದ್ದು ಸರ್ಕಾರಕ್ಕೆ ಒಂದಕ್ಕೇ.

ಆಗ ದಿಕ್ಕಿಲ್ಲದ ಮುದುಕರಿಗೆ ತಿಂಗಳ ಪಿಂಚಣಿ ಕೊಡುವ ಏರ್ಪಾಡು ಹೊಸದಾಗಿ ಬಂದಿತ್ತು. ಅರವತ್ತೈದು ದಾಟಿರಬೇಕು, ಗಂಡುಮಕ್ಕಳಿರಬಾರದು, ಆಸ್ತಿ ಇರಬಾರದು, ನೋಡಿಕೊಳ್ಳುವವರು ಯಾರೂ ಇರಬಾರದು. ಇಷ್ಟೆಲ್ಲ ಇಲ್ಲ ಎಂದು ಹೇಳಿಕೊಂಡರೆ ಸಾಲದು. ಶೇಕ್ದಾರರು ಮನೆಗೆ ಬಂದು ಇಲ್ಲದ್ದನ್ನೆಲ್ಲ ಕಣ್ಣಾರೆ ಕಂಡು ಬರೆದುಕೊಂಡು ಹೋಗಬೇಕು. ಶೇಕ್ದಾರರೆಂದರೆ ಈಗಿನವರು ರೆವಿನ್ಯೂ ಇನ್ಸ್‌ಪೆಕ್ಟರ್ ಎನ್ನುವವರು. ಅವರ ವರದಿಯ ಮೇಲೆ ಅಮಲ್ದಾರರು, ಅಂದರೆ ಈಗಿನ ತಹಸೀಲ್ದಾರರು, ಹೌದು ಅಥವಾ ಅಲ್ಲ ಎಂದು ರುಜು ಹಾಕುತ್ತಿದ್ದರು.

ಅಜ್ಜಿ ಹಿನಕಲ್ಲಿನ ಒಕ್ಕಲು ಮನೆಯ ಸೊಸೆ. ಗಂಡ ಸತ್ತ ವರ್ಷವೇ ಮೈದುನನ ಹೆಂಡತಿಯ ಬಾಯಿಗೆ ಹೆದರಿ ಉಟ್ಟ ಸೀರೆಯಲ್ಲಿ ಮೈಸೂರಿಗೆ ನಡೆದು ಬಂದವಳು. ಮೂವತ್ತು ವರ್ಷ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆದಳು. ಆಮೇಲೆ ಬೆರಳುಗಳು ಹೊಸೆಯುವ ಭಂಗಿಯಲ್ಲೇ ಗಂಟಾಗಿ ನಿಂತುಬಿಟ್ಟವು. ಕೋಣೆಯ ಬಾಡಿಗೆ ನಿಂತಿತು. ಮನೆಯ ಮಾಲೀಕರು ನ್ಯಾಯಸ್ಥರು. ಪಿಂಚಣಿಯ ಕಾಗದ ಕಚೇರಿಯಲ್ಲಿ ನಡೆಯುತ್ತಿರುವಷ್ಟು ದಿನ ಕಾಯುತ್ತೇನೆ, ಎರಡನೆಯ ಸಲವೂ ಇಲ್ಲ ಅಂದರೆ ಕೋಣೆ ಖಾಲಿ ಮಾಡಬೇಕು ಎಂದಿದ್ದರು. ಖಾಲಿ ಮಾಡಿದರೆ ಅಜ್ಜಿ ಹೋಗಬೇಕಾದದ್ದು ಹಿನಕಲ್ಲಿಗೆ, ಅದೇ ಮೈದುನನ ಹೆಂಡತಿಯ ಜಗಲಿಗೆ.

"ಅಲ್ಲಿ ಹೊಟ್ಟೆಗೆ ಹಾಕ್ತಾರೆ ಕಣವ್ವ," ಎಂದು ಅಜ್ಜಿ ಒಮ್ಮೆ ನನಗೆ ಹೇಳಿದ್ದಳು. "ಒಂದು ಮುದ್ದೆ ಇಕ್ಕಿ ನೂರು ಮಾತು ನಂಚ್ಕೊಳಾಕೆ ಕೊಡ್ತಾರೆ. ನಂಗೆ ಈ ಬಾಗ್ಲಲ್ಲೇ ಜೀವ ಓಗ್ಬುಡ್ಲಿ."

ಎರಡನೆಯ ಸಲ ಎಂದೆನಲ್ಲ, ಮೊದಲನೆಯ ಸಲದ್ದನ್ನು ಹೇಳಬೇಕು.

ಯುಗಾದಿಯಾದ ಮರುವಾರ ಮೊದಲ ತನಿಖೆ ನಡೆದಿತ್ತು. ನಾನು ಶಾಲೆಯಲ್ಲಿದ್ದೆ. ಸರ್ಕಾರದವರು ಮನೆಗೆ ಬರುತ್ತಾರೆ ಎಂಬ ಸುದ್ದಿ ಹಿಡಿದು ಅಜ್ಜಿ ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದ್ದಳು. ಬಂದವರನ್ನು ಕೂರಿಸಬೇಕು, ಅವರ ಕೈಗೆ ಏನಾದರೂ ಕೊಡಬೇಕು. ದರ್ಜಿಯ ಮನೆಯಿಂದ ಕೈಯಿರುವ ಕುರ್ಚಿ ತಂದಳು. ವಠಾರದಲ್ಲಿ ಕೈಯಿದ್ದ ಕುರ್ಚಿ ಅದೊಂದೇ, ಯಾವ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಾದರೂ ಗಂಡಿನ ತಂದೆ ಕೂರುತ್ತಿದ್ದದ್ದು ಅದರಲ್ಲೇ. ಎರಡು ಹಿತ್ತಾಳೆ ಲೋಟ ಮೂಲೆಮನೆಯಿಂದ ಬಂದವು. ಕಾಫಿಪುಡಿ, ಹಾಲು, ಸಕ್ಕರೆ ನನ್ನ ಮನೆಯವು, ನನ್ನ ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು. ಶೇಕ್ದಾರರು ಆ ಕುರ್ಚಿಯಲ್ಲಿ ಕೂತು, ಆ ಲೋಟದಲ್ಲಿ ಆ ಕಾಫಿ ಕುಡಿದು, ಚೆನ್ನಾಗಿದೆ ಅಂದು ಎದ್ದು ಹೋದರು.

ಹದಿನೈದು ದಿನಕ್ಕೆ ಕಾಗದ ಬಂತು. ಅಂಗಳದಲ್ಲಿ ನಿಂತು ನಾನೇ ಓದಿದೆ. ಅರ್ಜಿದಾರಳ ವಾಸದ ಮನೆಯಲ್ಲಿ ಕೈಯುಳ್ಳ ಕುರ್ಚಿ ಒಂದು, ಹಿತ್ತಾಳೆ ಲೋಟ ಎರಡು ಕಂಡುಬಂದಿವೆ. ಅರ್ಜಿದಾರಳು ಕಾಫಿ ಸೇವಿಸುವ ಸ್ಥಿತಿಯಲ್ಲಿದ್ದಾಳೆ. ನಿರ್ಗತಿಕಳಲ್ಲ. ತಿರಸ್ಕರಿಸಿದೆ.

ಕುಡಿದವರು ಅವರು, ಕುಡಿಯುವ ಸ್ಥಿತಿಯಲ್ಲಿದ್ದವಳು ಇವಳು. ಇಂಥ ವಾಕ್ಯವನ್ನು ನನ್ನ ನಾಲ್ಕನೆಯ ತರಗತಿಯ ಮಗು ಬರೆದಿದ್ದರೆ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸು ಕೊಡುತ್ತಿದ್ದೆ. ಇಲ್ಲಿ ಅದಕ್ಕೆ ಸಿಂಹದ ಮುದ್ರೆ ಬಿದ್ದಿತ್ತು.

"ಕುರ್ಚಿ ದರ್ಜಿಯವರದ್ದು ಅಂತ ಹೇಳಬಾರದಿತ್ತೇ?" ಎಂದು ಅಜ್ಜಿಯನ್ನು ಕೇಳಿದೆ.

"ಬಂದೋರ್ನ ಕೂರ್ಸಿ, ನೀವು ಕುಂತಿರೋದು ಎರವಲು ಕುರ್ಚಿ ಅಂತ ಯೋಳಾಕಾಯ್ತದಾ ಕಣವ್ವ? ಅವರ್ಗೆ ಎಂಗನ್ನಿಸ್ತದೆ?"

ಅವರಿಗೆ ಹೇಗೆ ಅನ್ನಿಸಿತೋ, ಅನ್ನಿಸಿದ್ದನ್ನು ಬರೆದು ಕಳಿಸಿದ್ದರು. ನಾನು ಮರುತನಿಖೆಗೆ ಅರ್ಜಿ ಬರೆದೆ. ಕುರ್ಚಿ, ಲೋಟ, ಹಾಲು, ಪುಡಿ, ಸಕ್ಕರೆ ಯಾವ ಯಾವ ಮನೆಯವೆಂದು ಪಟ್ಟಿ ಮಾಡಿ, ಆಯಾ ಮನೆಯವರ ರುಜು ಹಾಕಿಸಿ ಲಗತ್ತಿಸಿದೆ. ಸಕ್ಕರೆಯ ಮುಂದೆ ನನ್ನದೇ ರುಜು. ಎರಡು ತಿಂಗಳಿಗೆ ಉತ್ತರ ಬಂತು: ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಶೇಕ್ದಾರರು ಮತ್ತೆ ಬರುತ್ತಾರೆ. ಹೋದ ಸಲದವರೇ.

ಹೀಗಾಗಿ ಆ ಬೆಳಿಗ್ಗೆ ನಾವು ಮೂವರೂ ಕೋಣೆಯ ಮಧ್ಯೆ ನಿಂತಿದ್ದೆವು. ನಾನು ಪೆನ್ಸಿಲು ಹಿಡಿದು ಕೋಣೆಯಲ್ಲಿದ್ದ ವಸ್ತುಗಳ ಪಟ್ಟಿ ಮಾಡಿದೆ. ಮಣ್ಣಿನ ಗಡಿಗೆ, ಅಲ್ಯೂಮಿನಿಯಂ ತಟ್ಟೆ, ತಂಬಿಗೆ, ಚಾಪೆ, ಕಂಬಳಿ, ಹಗ್ಗದ ಮೇಲೆ ಎರಡು ಸೀರೆ, ಗೋಡೆಯಲ್ಲಿ ಕನ್ನಡಿ ಕಟ್ಟಿನ ದೇವರ ಪಟ. ಒಟ್ಟು ಎಂಟು. ತೆಗೆಯಬೇಕಾದದ್ದು ಏನೂ ಇಲ್ಲ ಎಂದು ನನಗೆ ತೋರಿತು. ದರ್ಜಿಯ ಹೆಂಡತಿಗೆ ಹಾಗೆ ತೋರಲಿಲ್ಲ.

"ಆ ಪಟ ತೆಗೀರಿ ಟೀಚರಮ್ಮ. ಗಾಜು ಐತೆ ಅಂತ ಬರ್ಕೋತಾನೆ."

"ದೇವರ ಪಟ ಅದು."

"ಅವನಿಗೆ ಗಾಜು. ಎರಡು ಸೀರೆ ಯಾಕೆ? ಒಂದನ್ನ ನಮ್ಮನೇಲಿ ಇಟ್ಬುಡ್ತೀನಿ. ಅಜ್ಜಿ, ನೀನು ಆ ತಲೆ ಯಾಕೆ ಅಷ್ಟು ನೀಟಾಗಿ ಬಾಚ್ಕೊಂಡಿದ್ದೀಯೆ? ಕೆದರ್ಕೋ ಒಸಿ."

"ತಲೆ ಕೆದರ್ಕೊಂಡು ಕುಂತ್ಕೊಂಡ್ರೆ ಉಚ್ಚಿ ಅಂತ ಬರ್ಕೋತಾನೆ ಬುಡು," ಎಂದಳು ಅಜ್ಜಿ. "ಉಚ್ಚಿಗೆ ಬೇರೆ ಕಾಗದ ಇರ್ತದೇನೋ."

ಪಟವನ್ನೂ ಒಂದು ಸೀರೆಯನ್ನೂ ದರ್ಜಿಯ ಹೆಂಡತಿ ಒಯ್ದಳು. ಜಗಳ ಬಂದದ್ದು ಬಾಗಿಲಲ್ಲಿ. ಅಜ್ಜಿ ಕತ್ತಲೆ ಹರಿಯುವ ಮೊದಲೇ ಎದ್ದು ಹೊಸ್ತಿಲ ಮುಂದೆ ಸಗಣಿ ಸಾರಿಸಿ, ಆ ಗಂಟುಬೆರಳಿನಲ್ಲೇ ಒಂಬತ್ತು ಚುಕ್ಕಿಯ ರಂಗೋಲಿ ಇಟ್ಟಿದ್ದಳು. ಗೆರೆಗಳು ನಡುಗಿದ್ದವು, ಆದರೆ ಒಂದೂ ಚುಕ್ಕಿ ತಪ್ಪಿರಲಿಲ್ಲ. ಇದು ಹೋಗಬೇಕು ಎಂದಳು ದರ್ಜಿಯ ಹೆಂಡತಿ. ಅಜ್ಜಿ ಕೇಳಲಿಲ್ಲ.

"ಮನೆಗೆ ಬರೋರು ಕಣಮ್ಮಣ್ಣಿ. ಬರೀ ಹೊಸ್ತಿಲು ತೋರ್ಸೋಕೆ ಇದೇನು ಸಾವಿನ ಮನೆಯಾ?"

ಅವಳಾಗಿ ಅಳಿಸುವುದಿಲ್ಲವೆಂದು ಗೊತ್ತಾಗಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಬಿಂದಿಗೆ ನೀರು ತಂದು ನಾನೇ ಸುರಿದೆ. ಎಂಟು ಗಂಟೆ ಹತ್ತು ನಿಮಿಷಕ್ಕೆ ಹೊಸ್ತಿಲು ಸಾಕಷ್ಟು ದರಿದ್ರವಾಗಿ ಕಾಣಿಸಿತು. ಸರ್ಕಾರದ ನಿಯಮವನ್ನು ನಾನು ಸರ್ಕಾರಕ್ಕಿಂತ ಚೆನ್ನಾಗಿ ಪಾಲಿಸಿದ್ದೆ. ಅಜ್ಜಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು.

ಹತ್ತಕ್ಕೆ ಬರುವುದಾಗಿ ಬರೆದವರು ಬಂದದ್ದು ಹನ್ನೆರಡೂ ಕಾಲಿಗೆ. ನನ್ನ ಅರ್ಧ ದಿನದ ರಜೆ ಪೂರ್ತಿ ದಿನದ್ದಾಯಿತು. ಎರಡೂ ಕಾಲು ಗಂಟೆ ತಡವಾಗಿ ಬರುವುದು ಸರ್ಕಾರಿ ಶಾಲೆಯ ಮಗುವಿಗೆ ಅಪರಾಧ, ಸರ್ಕಾರಕ್ಕೆ ಅದು ಅಭ್ಯಾಸ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೊಡೆ ಮಡಚಿ, ಶೇಕ್ದಾರರು ಬಾಗಿಲಿಗೆ ಬಂದು ಒಳಗೆ ಕಣ್ಣಾಡಿಸಿದರು. ಅವರ ಕಣ್ಣು ಮೊದಲು ಹುಡುಕಿದ್ದು ಕುರ್ಚಿಯನ್ನು.

"ಈ ಸಲ ಕುರ್ಚಿ ಇಲ್ವೇನಜ್ಜಿ?"

ಅಜ್ಜಿ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ದರ್ಜಿಯ ಹೆಂಡತಿ. "ಕುರ್ಚಿ ಹಾಕಿದ್ರೆ ಬರ್ಕೋತೀರಿ, ಕಾಫಿ ಕೊಟ್ರೆ ಬರ್ಕೋತೀರಿ. ಅದಕ್ಕೇ ಈ ಸಲ ನಿಂತ್ಕೊಂಡೇ ಬರ್ಕೊಳ್ಳಿ ಸ್ವಾಮಿ."

"ನಿಮ್ಮ ಬಾಯಿ ಬರ್ಕೊಳ್ಳೋಕೆ ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ ಕಣಮ್ಮ," ಎಂದು ಅವರು ನಕ್ಕರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಬಯ್ದು ಮುಗಿಸಬಹುದಿತ್ತು. ಕಂಡದ್ದನ್ನು ಬರೆಯುವುದು ತಮ್ಮ ಕೆಲಸ, ಕಂಡದ್ದು ಏನೆಂದು ಯೋಚಿಸುವುದು ಅಮಲ್ದಾರರ ಕೆಲಸ ಎಂದು ನಂಬಿದ್ದರು. ಯೋಚನೆ ಕಾಗದದಲ್ಲೇ ಬರುತ್ತದೆ ಎಂದು ಅಮಲ್ದಾರರೂ ನಂಬಿದ್ದಿರಬೇಕು.

ಅವರು ಗಡಿಗೆಯ ಮುಚ್ಚಳ ತೆಗೆದು ನೋಡಿದರು. ಕಂಬಳಿಯನ್ನು ಕೊಡೆಯ ತುದಿಯಿಂದ ಎತ್ತಿ ನೋಡಿದರು. ಕೆಳಗೆ ಚಾಪೆ ಇತ್ತು, ಚಾಪೆಯ ಕೆಳಗೆ ನೆಲ ಇತ್ತು. ಆಮೇಲೆ ಪ್ರಶ್ನೆಗಳು ಶುರುವಾದವು.

ಇಲ್ಲಿ ನನ್ನ ತಪ್ಪನ್ನು ನಾನೇ ಬರೆಯಬೇಕು. ನಾನು ಬೆಳೆದದ್ದು ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ. ಏಳಲು ಗಂಟೆ, ಉಣ್ಣಲು ಗಂಟೆ, ಮಲಗಲು ಗಂಟೆ. ಪ್ರಶ್ನೆ ಕೇಳಿದ ಕೂಡಲೇ ಎದ್ದು ನಿಂತು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು, ತಡವರಿಸಿದರೆ ಗೆಣ್ಣಿಗೆ ರೂಲುದೊಣ್ಣೆ. ಅಜ್ಜಿಯೋ, ಹೆಸರು ಕೇಳಿದರೂ ಒಂದು ಉಸಿರು ಬಿಟ್ಟು, ಸೆರಗು ಸರಿಮಾಡಿಕೊಂಡು, ಆಮೇಲೆ ಹೇಳುವವಳು. ಅಷ್ಟು ಹೊತ್ತು ಕಾಯುವುದು ನನ್ನ ಮೈಗೆ ಒಗ್ಗಿರಲಿಲ್ಲ.

ವಯಸ್ಸು? ಅರವತ್ತೆಂಟು, ಡಾಕ್ಟರ ಸರ್ಟಿಫಿಕೇಟು ಲಗತ್ತಿಸಿದೆ ಎಂದೆ ನಾನು. ಮಕ್ಕಳು? ಹುಟ್ಟಿಲ್ಲ ಎಂದೆ. ಜಮೀನು? ಗಂಡನ ಪಾಲಿಗೆ ಏನೂ ಬಂದಿಲ್ಲ, ಪಹಣಿಯ ನಕಲು ಲಗತ್ತಿಸಿದೆ ಎಂದೆ. ಶೇಕ್ದಾರರು ಸಂತೋಷದಿಂದ ಬರೆದುಕೊಳ್ಳುತ್ತಿದ್ದರು, ಅವರಿಗೂ ಬೇಗ ಮುಗಿಯಬೇಕಿತ್ತು.

"ಊಟಕ್ಕೆ?"

"ಬೆಳಿಗ್ಗೆ ಏನೂ ಇಲ್ಲ. ಮಧ್ಯಾಹ್ನ ಯಾರ ಮನೆಯಲ್ಲಾದರೂ ಅಕ್ಕಿ ಆರಿಸಿಕೊಟ್ಟರೆ ಅವರು ಒಂದು ಮುದ್ದೆ ಕೊಡುತ್ತಾರೆ. ರಾತ್ರಿ ನಾನು ಅನ್ನ, ಸಾರು ಕೊಡುತ್ತೇನೆ."

"ದಿನಾನಾ?"

"ದಿನಾ. ಏಳು ಗಂಟೆಗೆ ಸರಿಯಾಗಿ."

ಆ ಏಳು ಗಂಟೆಯನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ನಾನೇ ಜ್ವರದಲ್ಲಿ ಮಲಗಿದ್ದ ದಿನಗಳನ್ನು ಬಿಟ್ಟರೆ ನಾಲ್ಕು ವರ್ಷದಲ್ಲಿ ಅದು ಒಂದು ದಿನವೂ ಏಳೂ ಕಾಲು ಆಗಿರಲಿಲ್ಲ. ಅವರು ಬರೆಯುತ್ತಿದ್ದವರು ಪೆನ್ನಿನ ಮುಚ್ಚಳ ಹಾಕಿದರು.

"ಹಾಗಾದ್ರೆ ಪೋಷಕರು ಇದ್ದಾರೆ ಅಂತಾಯ್ತು."

"ಯಾರು?"

"ನೀವೇ. ದಿನಾ ಒಂದೇ ಮನೆಯಿಂದ, ಗೊತ್ತಾದ ವೇಳೆಗೆ ಊಟ ಬರುತ್ತೆ ಅಂದ್ಮೇಲೆ ನೋಡಿಕೊಳ್ಳೋರು ಇದ್ದಾರೆ ಅಂತಲೇ ಅರ್ಥ. ಸಂಬಳದವರು ಬೇರೆ. ಇದನ್ನ ಬಿಡೋಕೆ ಬರಲ್ಲ ಮೇಡಂ, ನೀವೇ ಹೇಳಿದ್ದು."

ನಾನು ಅವಳ ಬಂಧುವಲ್ಲ, ಜಾತಿಯವಳಲ್ಲ, ಧರ್ಮವೂ ಬೇರೆ ಎಂದೆ. ನಾನು ಚರ್ಚಿಗೆ ಹೋಗುವವಳು ಎಂದೆ. ನೆರೆಮನೆಯವರು ಒಂದು ತಟ್ಟೆ ಅನ್ನ ಕೊಟ್ಟರೆ ಅದು ಆದಾಯವೇ ಎಂದು ಕೇಳಿದೆ. ಅನ್ನ ಆದಾಯವಲ್ಲ, ದಿನಾ ಅನ್ನುವುದು ಆಧಾರ ಎಂದರು ಅವರು. ಒಂದು ದಿನ ಕೊಟ್ಟು ಮೂರು ದಿನ ಮರೆಯುವ ಸೋಮಾರಿ ನಾನಾಗಿದ್ದರೆ ಅಜ್ಜಿಗೆ ಪಿಂಚಣಿ ಸಲ್ಲುತ್ತಿತ್ತು. ಬೋರ್ಡಿಂಗಿನಲ್ಲಿ ನನಗೆ ಶಿಸ್ತಿಗೆಂದು ಎರಡು ಸಲ ಬಹುಮಾನ ಬಂದಿತ್ತು. ಆ ಶಿಸ್ತು ಒಬ್ಬ ಮುದುಕಿಯನ್ನು ಮನೆ ಬಿಡಿಸಲು ಸಾಕಾಗುತ್ತದೆಂದು ಯಾವ ಮದರ್ ಕೂಡ ಹೇಳಿಕೊಟ್ಟಿರಲಿಲ್ಲ.

ಅಜ್ಜಿ ಬಾಯಿ ತೆಗೆದಳು. "ಅಂಗಾರೆ ಇನಕಲ್ಗೆ ಓಗ್ಬೇಕಾ ಬುದ್ಧಿ?"

ಶೇಕ್ದಾರರಿಗೆ ಹಿನಕಲ್ಲಿನ ವಿಷಯ ಗೊತ್ತಿರಲಿಲ್ಲ. ಅವಳ ಮುಖ ನೋಡಿ ಗೊತ್ತು ಮಾಡಿಕೊಂಡರೋ ಏನೋ, ಸೈಕಲ್ಲಿನ ತನಕ ಹೋದವರು ವಾಪಸು ಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಿ ಮೇಡಂ, ಒಂದು ಹಾಳೆಯಲ್ಲಿ ಬರೆದುಕೊಡಿ. ಈಕೆಗೂ ನಿಮಗೂ ಯಾವ ಸಂಬಂಧವೂ ಇಲ್ಲ, ಇನ್ನು ಊಟ ಕೊಡೋದಿಲ್ಲ ಅಂತ. ನಿಮ್ಮ ರುಜು, ಅಜ್ಜಿ ಹೆಬ್ಬೆಟ್ಟು. ಇವತ್ತು ಕಚೇರಿ ಮುಚ್ಚೋದ್ರೊಳಗೆ ಬಂದ್ರೆ ನನ್ನ ವರದಿಗೆ ಸೇರಿಸ್ತೀನಿ. ನಾಳೆ ಫೈಲು ಅಮಲ್ದಾರ್ ಹತ್ರ ಹೋಗುತ್ತೆ. ಆಮೇಲೆ ನನ್ನ ಕೈಲಿ ಇಲ್ಲ."

"ಬರೆದುಕೊಟ್ಟು ನಾನು ಊಟ ಕೊಟ್ಟರೆ?"

"ಅದನ್ನ ನನ್ನ ಕೇಳಬೇಡಿ," ಎಂದು ಅವರು ಸೈಕಲ್ ಹತ್ತಿದರು.

ಸರ್ಕಾರಕ್ಕೆ ಬೇಕಾಗಿದ್ದದ್ದು ನಿಜವಾದ ನಿರ್ಗತಿಯಲ್ಲ, ರುಜು ಬಿದ್ದ ನಿರ್ಗತಿ. ಒಂದೂವರೆಗೆ ಕೂತು ನಾನು ಹಾಳೆ ಬರೆದೆ. ಎರಡೂ ಕಡೆ ಅಂಚು ಬಿಟ್ಟು, ಸಾಲುಗಳು ಸಮನಾಗಿ. ಮುಗಿದ ಮೇಲೆ ಅಜ್ಜಿಗೆ ಓದಿ ಹೇಳಿದೆ, ಹೆಬ್ಬೆಟ್ಟು ಒತ್ತುವವರಿಗೆ ಒತ್ತುವ ಮೊದಲು ಓದಿ ಹೇಳಬೇಕಾದದ್ದು ಕ್ರಮ. ಅವಳು ಹಿಂದೆ ಮುಂದೆ ತೂಗುತ್ತ ಕೇಳಿದಳು.

"ಯಾವ ಸಂಬಂಧವೂ ಇಲ್ಲ ಅಂತಲಾ ಬರ್ದಿರೋದು?"

"ಹೌದು."

"ಓದ್ ವರ್ಸ ನಿಮ್ಗೆ ಟೈಫಾಯ್ಡ್ ಬಂದಾಗ ಇಪ್ಪತ್ತೊಂದು ದಿನ ನಿಮ್ಮ ಕಾಲತ್ರ ಮನಗಿದ್ನಲ್ಲ. ಅದ್ನ ಬರೀಲಿಲ್ವಾ?"

"ಅದನ್ನ ಬರೆದರೆ ಪಿಂಚಣಿ ಕೊಡಲ್ಲ ಅಜ್ಜಿ. ಇದು ಬರೀ ಫೈಲಿಗೆ."

"ಫೈಲ್ಗೆ," ಎಂದು ಅವಳು ಹೇಳಿಕೊಂಡಳು, ಹೊಸ ಊರಿನ ಹೆಸರು ಹೇಳಿಕೊಳ್ಳುವಂತೆ.

ಕಚೇರಿಗೆ ನಡೆದೇ ಹೋದೆವು. ಜಟಕಾ ಹತ್ತಿಸಿದರೆ ಅದನ್ನೂ ಯಾರಾದರೂ ಕಂಡು ಬರೆದುಕೊಳ್ಳಬಹುದೆಂಬ ಹೆದರಿಕೆ ಅಷ್ಟು ಹೊತ್ತಿಗೆ ನನಗೂ ಅಂಟಿತ್ತು. ಅಜ್ಜಿ ಪ್ರತಿ ನೂರು ಹೆಜ್ಜೆಗೆ ನಿಂತಳು.

ಕಚೇರಿಯ ವರಾಂಡದ ಬೆಂಚಿನ ಮೇಲೆ ನಮಗಿಂತ ಮುಂಚೆ ಒಬ್ಬ ಮುದುಕ ಕೂತಿದ್ದ. ಯಾವುದೋ ದೊಡ್ಡ ಬಂಗಲೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನಂತೆ. ಅಂಥ ದೊಡ್ಡವರ ಹತ್ತಿರ ಕೆಲಸ ಮಾಡಿದವನಿಗೆ ಉಳಿತಾಯ ಇಲ್ಲದಿರಲು ಸಾಧ್ಯವಿಲ್ಲ ಎಂದು ಅವನ ಅರ್ಜಿಯನ್ನು ತಳ್ಳಿದ್ದರು. ಅವನು ಅದನ್ನು ಸಿಟ್ಟಿಲ್ಲದೆ ಹೇಳಿದ.

"ಕುದ್ರೇಗೆ ವಯಸ್ಸಾದ್ರೆ ಲಾಯದಲ್ಲೇ ಕಟ್ಟಾಕಿ ಉಲ್ಲು ಆಕೋರು ಕಣ್ರವ್ವ. ಉಳಿತಾಯ ಐತಾ ಅಂತ ಕುದ್ರೇನ ಯಾರೂ ಕೇಳ್ತಿರ್ಲಿಲ್ಲ."

ಮೇಜಿನ ಹಿಂದಿನ ಗುಮಾಸ್ತ ನನ್ನ ಹಾಳೆಯನ್ನು ಎರಡು ಸಲ ಓದಿದ. ಅಕ್ಷರ ಚೆನ್ನಾಗಿದೆ ಎಂದ. ಆಮೇಲೆ ಬೆರಳಿಟ್ಟು ತೋರಿಸಿದ.

"ಊಟ ಕೊಡುವುದಿಲ್ಲ ಅಂತ ಬರೆದಿದ್ದೀರಿ. ಯಾವತ್ತಿಂದ ಕೊಡಲ್ಲ?"

"ಮುಖ್ಯವೇ?"

"ಮತ್ತೆ? ನಿನ್ನೆವರೆಗೆ ಕೊಟ್ಟಿದ್ದೀರಿ ಅಂತ ಶೇಕ್ದಾರರ ಪುಸ್ತಕದಲ್ಲಿದೆ. ಇವತ್ತು ಹಗಲು ಇದನ್ನ ಕೊಟ್ಟು ರಾತ್ರಿ ಅನ್ನ ಕೊಟ್ರೆ ಎರಡೂ ತಾಳೆ ಬೀಳಲ್ಲ. ಇಂದಿನಿಂದ ಅಂತ ಸೇರಿಸಿ. ಮೇಲೆ ಒಂದು ಚಿಕ್ಕ ರುಜು."

ಇಂದಿನಿಂದ ಎಂದು ಸೇರಿಸಿ, ಅದರ ಮೇಲೆ ರುಜು ಹಾಕಿದೆ. ಗುಮಾಸ್ತ ಅಜ್ಜಿಯ ಎಡಗೈ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಿ ಕಾಗದಕ್ಕೆ ಒತ್ತಿದ. ನುಣ್ಣನೆಯ ಕರಿ ಚುಕ್ಕೆ ಬಿತ್ತು.

"ಇದೇನು, ಗೆರೆಯೇ ಇಲ್ಲವಲ್ಲ. ಇನ್ನೊಂದು ಸಲ."

ಎರಡನೆಯದರಲ್ಲೂ ಇರಲಿಲ್ಲ, ಮೂರನೆಯದರಲ್ಲೂ ಇರಲಿಲ್ಲ. ಮೂವತ್ತು ವರ್ಷ ಊದುಬತ್ತಿ ಹೊಸೆದ ಕೈಯಲ್ಲಿ ಗೆರೆ ಎಲ್ಲಿಂದ ಉಳಿಯಬೇಕು? ಗೆರೆಯಿಲ್ಲದ ಹೆಬ್ಬೆಟ್ಟು ನಡೆಯುತ್ತದೋ ಇಲ್ಲವೋ ಎಂದು ಅವನು ಒಳಗೆ ಹೋಗಿ ಕೇಳಿಕೊಂಡು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಕೊನೆಗೆ ಮೂರು ಕರಿ ಚುಕ್ಕೆಗಳ ಪಕ್ಕದಲ್ಲಿ, ಇದು ಅರ್ಜಿದಾರಳ ಹೆಬ್ಬೆಟ್ಟೇ ಎಂದು ನಾನು ಸಾಕ್ಷಿ ಬರೆದು ರುಜು ಹಾಕಬೇಕೆಂದು ತೀರ್ಮಾನವಾಯಿತು. ಅಂದರೆ ಯಾವ ಸಂಬಂಧವೂ ಇಲ್ಲದ ನಾನು, ಅವಳ ಗುರುತಿಗೆ ಸಾಕ್ಷಿ. ಒಂದೇ ಹಾಳೆಯಲ್ಲಿ ಎರಡೂ ಇದ್ದವು. ಗುಮಾಸ್ತನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಐದೂ ಹತ್ತಕ್ಕೆ ಮೊಹರು ಬಿತ್ತು.

ಆ ಹಾಳೆ ತನ್ನ ಕೆಲಸ ಮಾಡಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವುದು ಕಚೇರಿಯ ಅಭ್ಯಾಸ, ನನ್ನದಲ್ಲ. ಸಂಕ್ರಾಂತಿಯ ಹೊತ್ತಿಗೆ ಪಿಂಚಣಿ ಮಂಜೂರಾಯಿತು, ಮಾಲೀಕರು ಅಲ್ಲಿಯವರೆಗೆ ಕಾದರು, ಅಜ್ಜಿ ಹಿನಕಲ್ಲಿಗೆ ಹೋಗಲಿಲ್ಲ. ಆದರೆ ಆ ಮಂಗಳವಾರ ಇನ್ನೂ ಮುಗಿದಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು ಒಲೆ ಹಚ್ಚಿದೆ. ಏಳಕ್ಕೆ ಸರಿಯಾಗಿ ಅನ್ನ, ಹುರುಳಿಕಾಳಿನ ಸಾರು ತಟ್ಟೆಗೆ ಬಡಿಸಿಕೊಂಡು ಅಜ್ಜಿಯ ಬಾಗಿಲಿಗೆ ಹೋದೆ. ಅವಳು ಹೊಸ್ತಿಲ ಒಳಗೆ ಕೂತಿದ್ದಳು. ತಟ್ಟೆ ನೋಡಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ ಕಣವ್ವ."

"ಯಾಕೆ? ಹಸಿವಿಲ್ಲವೇ?"

"ಅಸ್ವು ಐತೆ. ಇಂದಿನಿಂದ ಇಲ್ಲ ಅಂತ ಒತ್ತಿ ಬಂದಿವ್ನಲ್ಲ. ಮಸಿ ಇನ್ನೂ ಓಗಿಲ್ಲ ನೋಡಿ."

"ಅದು ಫೈಲಿಗೆ ಅಂದೆನಲ್ಲ ಅಜ್ಜಿ. ಶೇಕ್ದಾರರು ಏಳು ಗಂಟೆಗೆ ಬಂದು ನೋಡುತ್ತಾರೆಯೇ?"

"ಅವ್ರು ನೋಡಾಕಿಲ್ಲ. ನಾನು ನೋಡ್ತೀನಲ್ಲ."

ನಾನು ವಾದಿಸಿದೆ. ಆ ಕಾಗದ ಬರೆದವರೂ ನಂಬುವುದಿಲ್ಲ, ಓದಿದವರೂ ನಂಬುವುದಿಲ್ಲ, ಮೊಹರು ಒತ್ತಿದವನೂ ನಂಬುವುದಿಲ್ಲ ಎಂದೆ. ಇಡೀ ಕಚೇರಿಯಲ್ಲಿ ಆ ಹಾಳೆಯನ್ನು ನಂಬಿದವಳು ಓದಲು ಬಾರದ ಅವಳೊಬ್ಬಳೇ ಆಗಿದ್ದಳು. ಸುಳ್ಳಿಗೆ ಹೆಬ್ಬೆಟ್ಟು ಒತ್ತಿದ್ದಾಗಿದೆ, ಇನ್ನು ಅದನ್ನು ನಿಜ ಮಾಡುವುದೊಂದೇ ದಾರಿ ಎಂಬುದು ಅವಳ ಲೆಕ್ಕ. ತಟ್ಟೆಯಿಂದ ಏಳುತ್ತಿದ್ದ ಹಬೆ ಕಡಿಮೆಯಾಗುತ್ತಿತ್ತು.

ಗದ್ದಲ ಕೇಳಿ ದರ್ಜಿಯ ಹೆಂಡತಿ ಬಂದಳು. ವಿಷಯ ತಿಳಿದುಕೊಂಡು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ಟೀಚರಮ್ಮ, ಇದು ನಂಗೆ ಕೊಟ್ರಿ ಅಂತ ತಿಳ್ಕೊಳ್ಳಿ. ಅಜ್ಜಿ, ಈಗ ಇದು ನಮ್ಮನೆ ಅನ್ನ. ನಾನೇನೂ ರುಜು ಹಾಕಿಲ್ಲ ಕಣೆ."

ಅಜ್ಜಿ ಯೋಚಿಸಿದಳು. "ನೀನು ದಿನಾ ಕೊಡ್ತೀಯಾ?"

"ನಂಗೇನು ಹುಚ್ಚಾ, ದಿನಾ ಕೊಡೋಕೆ? ಇವತ್ತೊಂದು ದಿನ."

"ಅಂಗಾರೆ ಸರಿ. ದಿನಾ ಕೊಟ್ರೆ ಅಲ್ವಾ ತಪ್ಪು," ಎಂದು ಅಜ್ಜಿ ಕೈ ಚಾಚಿದಳು.

ಅವಳು ಉಣ್ಣುತ್ತಿದ್ದಾಗ ನನಗೆ ನಾಚಿಕೆಯಾಯಿತು. ಶೇಕ್ದಾರರು ಹೇಳಿದ್ದನ್ನು ನಾನು ಬೈದು ಬಿಟ್ಟಿದ್ದೆ, ಅವಳು ಅದನ್ನು ಕೇಳಿಸಿಕೊಂಡಿದ್ದಳು. ಒಂದೇ ಮನೆಯಿಂದ ದಿನಾ ಬರಬಾರದು, ಅಷ್ಟೇ ತಾನೆ? ನಮ್ಮ ಊರಿನಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದಿ ವಕೀಲರೂ ಅಮಲ್ದಾರರೂ ಆಗಿದ್ದರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅಂಥ ಒಬ್ಬರೇ ಈ ನಿಯಮ ಬರೆದಿದ್ದರೂ ಆಶ್ಚರ್ಯವಿಲ್ಲ. ಹುಡುಗರಿಗೆ ಆದದ್ದು ಮುದುಕಿಗೆ ಯಾಕಾಗಬಾರದು?

ಲಾಟೀನು ಹಿಡಿದು ನಾನೂ ದರ್ಜಿಯ ಹೆಂಡತಿಯೂ ಮನೆ ಮನೆಗೆ ಹೋದೆವು. ಎಂಟು ಮನೆಗಳಲ್ಲಿ ಅಜ್ಜಿಯದೂ ನನ್ನದೂ ಬಿಟ್ಟರೆ ಆರು. ಮೂಲೆಮನೆಯಾಕೆ ಶುಕ್ರವಾರ ಬೇಡ, ಅಂದು ತನಗೇ ಒಪ್ಪತ್ತು ಎಂದಳು, ಗುರುವಾರ ಬರೆದೆ. ಅಂಚೆಪೇದೆಯ ಮನೆಯವರು ಸಂಬಳ ಬಂದ ವಾರವಾದರೆ ಮೊಸರೂ ಹಾಕುತ್ತೇವೆ ಎಂದರು, ಅದನ್ನು ಬರೆಯಲಿಲ್ಲ. ಯಾರೂ ಇಲ್ಲ ಎನ್ನಲಿಲ್ಲ. ಆದರೆ ಪ್ರತಿಯೊಬ್ಬರೂ, ಇದಕ್ಕೆ ರುಜು ಗಿಜು ಹಾಕಬೇಕಾಗಿಲ್ಲ ತಾನೆ ಎಂದು ಕೇಳಿಯೇ ಒಪ್ಪಿಕೊಂಡರು. ಎಂಟು ಗಂಟೆಗೆ ಸೋಮವಾರದಿಂದ ಶನಿವಾರದವರೆಗೆ ಆರು ದಿನ ತುಂಬಿತು.

ಭಾನುವಾರ ಉಳಿಯಿತು. ಏಳನೆಯ ಮನೆ ಇರಲಿಲ್ಲ. ಅಜ್ಜಿಯ ಬಾಗಿಲಿಗೆ ವಾಪಸು ಬಂದು ಪಟ್ಟಿ ಓದಿ ಹೇಳಿದೆ. ಹಿಂದಿನ ಬೀದಿಯಲ್ಲಿ ಕೇಳಬೇಕೆಂದೂ ಹೇಳಿದೆ. ಅವಳು ಬೆರಳಿಗಂಟಿದ ಅಗುಳು ನೆಕ್ಕುತ್ತ ಕೇಳಿದಳು.

"ಭಾನುವಾರ ಆ ಕಚೇರಿ ತೆಗ್ದಿರ್ತದಾ?"

"ಇಲ್ಲ, ರಜ."

"ಮುಚ್ಚಿರ್ತದೆ ಅಂದ್ಮೇಲೆ ಕಾಗದವೂ ಒಳಗೇ ಇರ್ತದಲ್ಲ. ಅವತ್ತು ನೀವೇ ಕೊಡಿ."

ದರ್ಜಿಯ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಗತೊಡಗಿದಳು. "ಅಬ್ಬಾ ಮುದುಕಿ. ಟೀಚರಮ್ಮ, ಇವಳ ಚಾಲಾಕು ತಿಳೀತಾ? ಭಾನುವಾರ ನಿಮ್ಮನೇಲಿ ಮಾಂಸದ ಸಾರು."

"ಮಾಂಸ ಇಲ್ದೆ ಇದ್ರೂ ಉಣ್ತೀನಿ ಬುಡು," ಎಂದಳು ಅಜ್ಜಿ, ಮುಖ ಗಂಭೀರ ಮಾಡಿಕೊಂಡು.

ನಾನು ಮನೆಗೆ ಬಂದು ಪಟ್ಟಿಯನ್ನು ಒಳ್ಳೆಯ ಹಾಳೆಯಲ್ಲಿ ಮಸಿಯಿಂದ ಬರೆದೆ. ಏಳು ಸಾಲು, ಎಡಗಡೆ ವಾರ, ಬಲಗಡೆ ಮನೆ. ಭಾನುವಾರದ ಮುಂದೆ ಏನನ್ನೂ ಬರೆಯಲಿಲ್ಲ. ಆ ದಿನದಲ್ಲಿ ನಾನು ಬರೆದು ರುಜು ಹಾಕಿದ ಒಂದು ಸುಳ್ಳು ಸಾಕಿತ್ತು, ನಿಜವನ್ನು ಬರೆದುಕೊಡುವಷ್ಟು ನಂಬಿಕೆ ಕಾಗದದ ಮೇಲೆ ಉಳಿದಿರಲಿಲ್ಲ. ಮಸಿ ಆರಿದ ಮೇಲೆ ವಠಾರದ ನಲ್ಲಿಯ ಪಕ್ಕದ ಕಂಬಕ್ಕೆ ಅಂಟಿನಿಂದ ಹಚ್ಚಿ, ನಾಲ್ಕೂ ಮೂಲೆ ಒತ್ತಿ ನೋಡಿ, ಲಾಟೀನು ಆರಿಸಿದೆ.